ಅಟ್ಲಾಂಟಿಕ್ ದಾಟುವ ಹಾಯಿದೋಣಿಯಲ್ಲಿ ಮೂರು ವಾರ: ಪಹರೆ, ನಿದ್ದೆ, ಅಡುಗೆ

ಆಫ್ರಿಕಾದ ವಾಯುವ್ಯ ತೀರದಾಚೆಯ ಕ್ಯಾನರಿ ದ್ವೀಪಗಳ ಲಾಸ್ ಪಾಲ್ಮಾಸ್ ಬಂದರಿನಿಂದ ಕೆರಿಬಿಯನ್ ಸಮುದ್ರದ ಅಂಚಿನಲ್ಲಿರುವ ಸೇಂಟ್ ಲೂಸಿಯಾಕ್ಕೆ ಸುಮಾರು 2,700 ನಾಟಿಕಲ್ ಮೈಲಿ, ಅಂದರೆ ಸರಿಸುಮಾರು 5,000 ಕಿಲೋಮೀಟರ್ ದೂರವಿದೆ. ಹನ್ನೆರಡು ಮೀಟರ್ ಉದ್ದದ ಸಾಮಾನ್ಯ ಹಾಯಿದೋಣಿ ಐದಾರು ನಾಟ್ (ಗಂಟೆಗೆ ಐದಾರು ನಾಟಿಕಲ್ ಮೈಲಿ) ವೇಗದಲ್ಲಿ ಹಗಲಿರುಳೂ ಸಾಗಿದರೆ ಈ ದಾರಿ ಮುಗಿಯಲು ಹೆಚ್ಚುಕಡಿಮೆ ಮೂರು ವಾರ ಹಿಡಿಯುತ್ತದೆ. ನವೆಂಬರ್ ಕೊನೆಗೆ ಕೆರಿಬಿಯನ್ ಕಡೆಯ ಚಂಡಮಾರುತಗಳ ಕಾಲ ಮುಗಿದು ಈಶಾನ್ಯ ವಾಣಿಜ್ಯ ಮಾರುತಗಳು ನೆಲೆಗೊಳ್ಳತೊಡಗುವುದರಿಂದ, ಯುರೋಪಿನ ಕಡೆಯಿಂದ ಬರುವ ದೋಣಿಗಳು ಬಹುಮಟ್ಟಿಗೆ ಆ ಹೊತ್ತಿಗೇ ಹೊರಡುತ್ತವೆ. 1986ರಲ್ಲಿ ಆರಂಭವಾದ ‘ಎಆರ್‌ಸಿ’ ಎಂಬ ಸಾಮೂಹಿಕ ಯಾನವೂ ನವೆಂಬರಿನಲ್ಲಿ ಲಾಸ್ ಪಾಲ್ಮಾಸಿನಿಂದಲೇ ಹೊರಡುತ್ತದೆ. ಸ್ವಂತ ದೋಣಿ ಇಲ್ಲದವರು ಬೇರೆಯವರ ದೋಣಿಯಲ್ಲಿ ಸಹನಾವಿಕರಾಗಿ ಹೋಗುವ ಪದ್ಧತಿ ಇದೆ. ಹಾಗೆ ಮೊದಲ ಬಾರಿಗೆ ಹೊರಡುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ.

ಹೊರಡುವ ಮುನ್ನ ಎಲ್ಲರೂ ಬಿರುಗಾಳಿಯ ಬಗ್ಗೆಯೇ ಕೇಳುತ್ತಾರೆ. ಸರಿಯಾದ ಕಾಲದಲ್ಲಿ ಈ ದಾರಿ ಹಿಡಿದವರಿಗೆ ದೊಡ್ಡ ಬಿರುಗಾಳಿ ಎದುರಾಗುವ ಸಂಭವ ಕಡಿಮೆ. ಹೆಚ್ಚಿನ ದಿನಗಳಲ್ಲಿ 15ರಿಂದ 25 ನಾಟ್ ಗಾಳಿ ಹಿಂದಿನಿಂದ ಬೀಸುತ್ತಿರುತ್ತದೆ ಮತ್ತು ಅಲೆಗಳೂ ಹಿಂದಿನಿಂದಲೇ ಬಂದು ದೋಣಿಯನ್ನು ಎಡಕ್ಕೂ ಬಲಕ್ಕೂ ಹೊರಳಿಸುತ್ತಿರುತ್ತವೆ. ಈ ಹೊರಳಾಟ ಒಂದು ಗಳಿಗೆಯೂ ನಿಲ್ಲುವುದಿಲ್ಲ. ಅದರ ನಡುವೆ ತುಂಡು ತುಂಡಾಗಿ ಮಲಗಿ, ಒಂದು ಕೈಯಲ್ಲಿ ಆಧಾರ ಹಿಡಿದು ಇನ್ನೊಂದು ಕೈಯಲ್ಲಿ ಅಡುಗೆ ಮಾಡಿ, ನಡುರಾತ್ರಿ ಎದ್ದು ಪಹರೆಗೆ ಕೂರಬೇಕಾದ ಮನುಷ್ಯನನ್ನು ನಿಜವಾಗಿ ಕುಗ್ಗಿಸುವುದು ಆಯಾಸ. ಆಯಾಸಗೊಂಡವನು ತನ್ನನ್ನು ದೋಣಿಗೆ ಬಿಗಿಯುವ ಸುರಕ್ಷತಾ ಕೊಕ್ಕೆ ಹಾಕಿಕೊಳ್ಳುವುದನ್ನು ಮರೆಯುತ್ತಾನೆ, ಕುದಿನೀರನ್ನು ಚೆಲ್ಲಿಕೊಳ್ಳುತ್ತಾನೆ, ಸಣ್ಣ ಮಾತಿಗೆ ಸಿಡುಕುತ್ತಾನೆ. ಆದ್ದರಿಂದ ದಿನಚರಿಯ ಪ್ರತಿಯೊಂದು ನಿರ್ಧಾರವನ್ನೂ, ಇದರಿಂದ ಎಲ್ಲರಿಗೂ ಸಾಕಷ್ಟು ನಿದ್ದೆ ಸಿಗುತ್ತದೆಯೇ ಎಂಬ ಪ್ರಶ್ನೆಯಿಂದ ಅಳೆಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲ ಮೂರು ದಿನಗಳನ್ನು ಬೇರೆಯೇ ಎಂದು ಎಣಿಸಿ. ಕಡಲಬೇನೆ ಬಹುತೇಕರನ್ನು ಈ ಅವಧಿಯಲ್ಲೇ ಕಾಡುತ್ತದೆ, ಹಳಬರನ್ನೂ ಬಿಡುವುದಿಲ್ಲ. ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿ, ಬಂದರು ಬಿಡುವ ಮೊದಲೇ ಆರಂಭಿಸಬೇಕು. ವಾಂತಿ ಶುರುವಾದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಆ ದಿನಗಳ ಊಟವನ್ನು ಬಂದರಿನಲ್ಲೇ ಬೇಯಿಸಿಟ್ಟುಕೊಂಡು, ಬಿಸಿ ಮಾಡಿ ಬಡಿಸುವಷ್ಟೇ ಕೆಲಸ ಉಳಿಯುವಂತೆ ನೋಡಿಕೊಳ್ಳಿ. ಬೇನೆ ಬಂದವರು ಕೆಳಗಿನ ಕ್ಯಾಬಿನ್ನಿನಲ್ಲಿ ಏನನ್ನೋ ಹುಡುಕುತ್ತಾ ಬಗ್ಗಿ ನಿಲ್ಲುವ ಬದಲು ಮೇಲೆ ಕುಳಿತು ದಿಗಂತವನ್ನು ನೋಡಬೇಕು, ಸಾಧ್ಯವಾದರೆ ಚುಕ್ಕಾಣಿ ಹಿಡಿಯಬೇಕು. ಅದೂ ಆಗದಿದ್ದರೆ ಕಣ್ಣು ಮುಚ್ಚಿ ಮಲಗಿಬಿಡಬೇಕು. ಗುಟುಕು ಗುಟುಕಾಗಿ ಓಆರ್‌ಎಸ್ ನೀರು ಕುಡಿಯುತ್ತಿರುವುದು ಮುಖ್ಯ. ನಾಲ್ಕನೆಯ ದಿನದ ಹೊತ್ತಿಗೆ ದೇಹ ಸಾಮಾನ್ಯವಾಗಿ ಒಗ್ಗಿಕೊಳ್ಳುತ್ತದೆ.

ಪಹರೆಯ ಪಾಳಿಯನ್ನು ಮಾತ್ರ ಮೊದಲ ಸಂಜೆಯಿಂದಲೇ ಜಾರಿಗೆ ತರಬೇಕು. ಹೊರಟ ದಿನದ ಉತ್ಸಾಹದಲ್ಲಿ ಎಲ್ಲರೂ ನಡುರಾತ್ರಿಯವರೆಗೆ ಎದ್ದು ಕುಳಿತರೆ, ಎರಡನೆಯ ರಾತ್ರಿ ಎಲ್ಲರೂ ಒಟ್ಟಿಗೆ ಬಳಲಿರುತ್ತಾರೆ. ಮೂವರಿದ್ದರೆ ಮೂರು ಗಂಟೆ ಪಹರೆ, ಆರು ಗಂಟೆ ಬಿಡುವು ಎಂಬ ಲೆಕ್ಕ ಚೆನ್ನಾಗಿ ನಡೆಯುತ್ತದೆ. ನಾಲ್ವರಿದ್ದರೆ ರಾತ್ರಿಯ ಹನ್ನೆರಡು ಗಂಟೆಗಳನ್ನು ತಲಾ ಮೂರು ಗಂಟೆಯಂತೆ ಹಂಚಿಕೊಳ್ಳಬಹುದು ಮತ್ತು ಹಗಲಿನಲ್ಲಿ ನಿಯಮವನ್ನು ಸ್ವಲ್ಪ ಸಡಿಲಿಸಬಹುದು. ಇಬ್ಬರೇ ಇರುವ ದೋಣಿಯಲ್ಲಿ, ಅಂದರೆ ಸಾಮಾನ್ಯವಾಗಿ ಗಂಡ ಹೆಂಡತಿಯರ ದೋಣಿಯಲ್ಲಿ, ಮೂರು ಗಂಟೆಗಿಂತ ನಾಲ್ಕು ಗಂಟೆಯ ಪಾಳಿಯೇ ಮೇಲು. ಏಕೆಂದರೆ ಬಿಡುವಿನ ಮೂರು ಗಂಟೆಯಲ್ಲಿ ನೆನೆದ ಬಟ್ಟೆ ಕಳಚಿ, ಮೈ ಒರೆಸಿಕೊಂಡು, ಮತ್ತೆ ಉಡುಪು ಧರಿಸುವ ಹೊತ್ತನ್ನು ಕಳೆದರೆ ಉಳಿಯುವ ನಿದ್ದೆ ಎರಡೂಕಾಲು ಗಂಟೆ ಮಾತ್ರ. ಪ್ರತಿದಿನ ಪಾಳಿಯ ಹೊತ್ತನ್ನು ಬದಲಾಯಿಸುವವರಿದ್ದಾರೆ, ಇಡೀ ಯಾನಕ್ಕೆ ಒಂದೇ ಹೊತ್ತನ್ನು ಉಳಿಸಿಕೊಳ್ಳುವವರೂ ಇದ್ದಾರೆ. ನಾನು ಎರಡನೆಯ ಪಕ್ಷದವನು: ದಿನವೂ ಒಂದೇ ಹೊತ್ತಿಗೆ ಮಲಗಿದರೆ ದೇಹ ನಿದ್ದೆಗೆ ತಾನೇ ಸಿದ್ಧವಾಗುತ್ತದೆ.

ಪಹರೆಯಲ್ಲಿರುವವರ ಮುಖ್ಯ ಕೆಲಸ ಕಣ್ಣಿಡುವುದು. ಸಮುದ್ರದಲ್ಲಿ ಡಿಕ್ಕಿ ತಡೆಯುವ ಅಂತರರಾಷ್ಟ್ರೀಯ ನಿಯಮಗಳ ಐದನೆಯ ನಿಯಮದ ಪ್ರಕಾರ, ಪ್ರತಿಯೊಂದು ಹಡಗಿನಲ್ಲೂ ಎಲ್ಲ ಹೊತ್ತಿನಲ್ಲೂ ಸರಿಯಾದ ಕಾವಲು ಇರಲೇಬೇಕು. ಚಿಕ್ಕ ದೋಣಿಯಲ್ಲಿ ಕುಳಿತವರ ಕಣ್ಣು ನೀರಿನಿಂದ ಎರಡೂವರೆ ಮೀಟರ್ ಎತ್ತರದಲ್ಲಿದ್ದರೆ ದಿಗಂತ ಕೇವಲ ಮೂರು ನಾಟಿಕಲ್ ಮೈಲಿಗಿಂತ ಸ್ವಲ್ಪ ಆಚೆ ಇರುತ್ತದೆ. ಎದುರಿನಿಂದ ಇಪ್ಪತ್ತು ನಾಟ್ ವೇಗದಲ್ಲಿ ಬರುವ ಸರಕು ಹಡಗಿನ ದೀಪ ದಿಗಂತದ ಆಚೆಯಿಂದಲೇ ಕಂಡರೂ, ಅದು ನಿಮ್ಮನ್ನು ತಲುಪಲು ಇಪ್ಪತ್ತು ನಿಮಿಷ ಸಾಕು. ಹಾಗಾಗಿ ಹತ್ತು ನಿಮಿಷಕ್ಕೊಮ್ಮೆಯಾದರೂ ಎದ್ದು ನಿಂತು, ಹಾಯಿಯ ಮರೆಯಲ್ಲಿ ಕಾಣದ ಕಡೆಗೂ ಬಗ್ಗಿ ನೋಡಿ, ಸುತ್ತಲೂ ಒಂದು ಸುತ್ತು ಕಣ್ಣು ಹಾಯಿಸಬೇಕು. ಕೈಗಡಿಯಾರದಲ್ಲಿ ಪುನರಾವರ್ತನೆಯ ಅಲಾರಂ ಇಟ್ಟುಕೊಳ್ಳುವುದು ಒಳ್ಳೆಯ ರೂಢಿ. ಹಡಗುಗಳ ಸ್ಥಾನ ತೋರಿಸುವ ಎಐಎಸ್ ಯಂತ್ರ ದೊಡ್ಡ ಉಪಕಾರಿಯಾದರೂ, ಅದನ್ನು ಅಳವಡಿಸಿಕೊಳ್ಳದ ಚಿಕ್ಕ ದೋಣಿಗಳು ಅದರಲ್ಲಿ ಕಾಣಿಸುವುದಿಲ್ಲ.

ಪಾಳಿ ಬದಲಾಗುವ ಹದಿನೈದು ನಿಮಿಷವನ್ನು ಹೀಗೆ ನಡೆಸಿ. ಪಹರೆಯಲ್ಲಿರುವವರು ಕೆಂಪು ದೀಪ ಹಿಡಿದು ಕೆಳಗಿಳಿದು, ಮುಂದಿನವರನ್ನು ಹೆಸರು ಹಿಡಿದು ಕರೆದು, ಅವರು ಕಾಲು ಕೆಳಗಿಡುವವರೆಗೆ ಅಲ್ಲೇ ನಿಂತಿರಬೇಕು. “ಹೂಂ, ಬಂದೆ” ಎಂದು ಮತ್ತೆ ನಿದ್ದೆಗೆ ಜಾರುವುದು ಎಲ್ಲರಿಗೂ ಆಗುವಂಥದ್ದು. ಬಿಳಿ ದೀಪ ಹಾಕಿದರೆ ಕಣ್ಣು ಮತ್ತೆ ಕತ್ತಲೆಗೆ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕಾಗುತ್ತದೆ. ಎದ್ದವರು ಬೆಚ್ಚಗೆ ಬಟ್ಟೆ ಧರಿಸಿ, ಲೈಫ್ ಜಾಕೆಟ್ ತೊಟ್ಟು, ಮೆಟ್ಟಿಲಿನ ಮೇಲೆ ನಿಂತಿರುವಾಗಲೇ ಕೈಚಾಚಿ ಹಾರ್ನೆಸ್ಸಿನ (ಮೈಗೆ ಬಿಗಿದ ಸುರಕ್ಷತಾ ಪಟ್ಟಿಯ) ಕೊಕ್ಕೆಯನ್ನು, ಚುಕ್ಕಾಣಿಯ ಬಳಿ ಕೂರುವ ತೆರೆದ ಜಾಗವಾದ ಕಾಕ್‌ಪಿಟ್ಟಿನ ಬಳೆಗೆ ಸಿಕ್ಕಿಸಬೇಕು ಮತ್ತು ಆಮೇಲೆ ಮಾತ್ರ ಹೊರಗೆ ಬರಬೇಕು. ನಂತರ ಗಾಳಿ ಎಷ್ಟಿದೆ, ಯಾವ ದಿಕ್ಕಿಗೆ ತಿರುಗುತ್ತಿದೆ, ಯಾವ ಹಾಯಿ ಎಷ್ಟು ಬಿಚ್ಚಿದೆ, ಹಡಗೇನಾದರೂ ಕಂಡಿದೆಯೇ, ಯಾವ ಸದ್ದು ಹೊಸದಾಗಿ ಕೇಳುತ್ತಿದೆ ಎಂಬುದನ್ನು ಬಾಯಿಬಿಟ್ಟು ಒಪ್ಪಿಸಬೇಕು. ಸ್ಥಾನ, ವೇಗ, ದಿಕ್ಕು ಮತ್ತು ವಾಯುಭಾರವನ್ನು ಲಾಗ್ ಪುಸ್ತಕದಲ್ಲಿ ಬರೆದ ಮೇಲೆಯೇ ಪಾಳಿ ಮುಗಿಯಿತೆಂದು ಲೆಕ್ಕ. ನಕ್ಷೆ ತೋರಿಸುವ ಪ್ಲಾಟರ್ ಯಂತ್ರ ಕೆಟ್ಟುಹೋದ ದಿನ, ಲಾಗಿನಲ್ಲಿ ಬರೆದ ಕೊನೆಯ ಸ್ಥಾನವೇ ನಿಮ್ಮ ನಕ್ಷೆಯ ಆಧಾರವಾಗುತ್ತದೆ.

ರಾತ್ರಿಯ ಇನ್ನೊಂದು ನಿಯಮಕ್ಕೆ ವಿನಾಯಿತಿಯೇ ಇರಬಾರದು: ಇನ್ನೊಬ್ಬರನ್ನು ಎಬ್ಬಿಸದೆ ಯಾರೂ ಕಾಕ್‌ಪಿಟ್ಟಿನಿಂದಾಚೆ ಡೆಕ್ಕಿನ ಮೇಲೆ ಹೋಗಕೂಡದು. ಒಬ್ಬರು ನೀರಿಗೆ ಬಿದ್ದರೆ, ಹಾಯಿ ಕಟ್ಟಿ ಓಡುತ್ತಿರುವ ದೋಣಿ ಒಂದು ನಿಮಿಷದಲ್ಲಿ ನೂರೈವತ್ತು ಮೀಟರಿಗೂ ಹೆಚ್ಚು ದೂರ ಸಾಗಿರುತ್ತದೆ, ಮತ್ತು ಎರಡು ಮೂರು ಮೀಟರಿನ ಅಲೆಗಳ ನಡುವೆ ಒಂದು ತಲೆಯನ್ನು ಹುಡುಕುವುದು ಹಗಲಿನಲ್ಲೇ ಕಷ್ಟ. ಗಂಡಸರು ದೋಣಿಯ ಅಂಚಿನಲ್ಲಿ ನಿಂತು ಮೂತ್ರ ಮಾಡುವುದನ್ನು ಪೂರ್ತಿ ನಿಷೇಧಿಸಿ. ಎಲ್ಲರೂ ಒಳಗೆ ಹೋಗಿ ಕುಳಿತೇ ಮಾಡಬೇಕು. ನಿದ್ದೆಯಿಂದ ಎಬ್ಬಿಸಿಕೊಂಡವರು “ಇಷ್ಟಕ್ಕೇ ಎಬ್ಬಿಸಬೇಕಿತ್ತೇ” ಎಂದು ಗೊಣಗಕೂಡದೆಂಬುದನ್ನೂ ಮೊದಲೇ ಒಪ್ಪಿಕೊಂಡಿರಬೇಕು. ಒಮ್ಮೆ ಗೊಣಗಿದರೆ ಮುಂದಿನ ಸಲ ಹೊಸಬರು ಸಂಕೋಚಪಟ್ಟು ಎಬ್ಬಿಸದೆ ಹೋಗುತ್ತಾರೆ.

ಮಲಗುವ ಜಾಗದ ವಿಚಾರಕ್ಕೆ ಬಂದರೆ, ಬಂದರಿನಲ್ಲಿ ಸುಖವಾಗಿ ಕಾಣುವ ಮುಂದಿನ ತುದಿಯ ಅಗಲ ಹಾಸಿಗೆ ನಡುಗಡಲಿನಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ. ದೋಣಿಯ ನಡುಭಾಗದಲ್ಲಿ ಅಥವಾ ಹಿಂಭಾಗದಲ್ಲಿ, ಆದಷ್ಟು ತಗ್ಗಿನಲ್ಲಿರುವ ಕಿರಿದಾದ ಹಾಸಿಗೆಯೇ ಒಳ್ಳೆಯದು. ಅದರ ತೆರೆದ ಬದಿಗೆ ಗಟ್ಟಿ ಕ್ಯಾನ್ವಾಸನ್ನು ತೊಟ್ಟಿಲಿನ ಅಂಚಿನ ಹಾಗೆ ಎತ್ತಿಕಟ್ಟಿಕೊಂಡರೆ ದೇಹ ಹೊರಳಿ ಬೀಳುವುದಿಲ್ಲ. ಮಂಡಿಯ ಕೆಳಗೊಂದು, ಬೆನ್ನಿಗೊಂದು ದಿಂಬು ಒತ್ತರಿಸಿಕೊಂಡು, ಸ್ನಾಯುಗಳು ಹೊರಳಾಟದ ವಿರುದ್ಧ ಬಿಗಿದುಕೊಳ್ಳದಂತೆ ಮಲಗುವುದು ಒಂದು ಕಲೆ. ನಿದ್ದೆ ಕೆಡಿಸುವುದರಲ್ಲಿ ಸದ್ದಿನ ಪಾಲು ದೊಡ್ಡದು. ಕಪಾಟಿನೊಳಗೆ ಉರುಳುವ ಒಂದು ಡಬ್ಬಿ, ಹಾಯಿ ಕಟ್ಟುವ ಕೂವೆಮರಕ್ಕೆ ಬಡಿಯುವ ಒಂದು ಹಗ್ಗ ಇಡೀ ರಾತ್ರಿಯನ್ನು ಹಾಳುಮಾಡುತ್ತವೆ. ಕೇಳಿದ ತಕ್ಷಣ ಹುಡುಕಿ ಕಾಲುಚೀಲವನ್ನೋ ಟವೆಲ್ಲನ್ನೋ ತುರುಕಿ ಸುಮ್ಮನಾಗಿಸಿ. ರಾತ್ರಿ ಸಿಗದ ನಿದ್ದೆಯನ್ನು ಮಧ್ಯಾಹ್ನ ಮಲಗಿ ತುಂಬಿಕೊಳ್ಳಿ. ಹೀಗೆ ಹಗಲು ಮಲಗುವುದನ್ನು ಯಾರೂ ಸೋಮಾರಿತನವೆಂದು ಭಾವಿಸಬಾರದು, ಅದು ಪಾಳಿಯ ಒಂದು ಭಾಗ.

ಅಡುಗೆಯ ಮೂಲೆ ದೋಣಿಯಲ್ಲಿ ಅತ್ಯಂತ ಅಪಾಯಕಾರಿಯಾದ ಸ್ಥಳಗಳಲ್ಲಿ ಒಂದು. ಹತ್ತಿರದ ಆಸ್ಪತ್ರೆ ಒಂದು ವಾರದ ದಾರಿಯಲ್ಲಿರುವಾಗ ಸುಟ್ಟ ಗಾಯ ಸಣ್ಣ ಸಂಗತಿಯಲ್ಲ. ಒಲೆ ಹೊರಳಾಟಕ್ಕೆ ತಕ್ಕಂತೆ ತೂಗಿಕೊಂಡು ತಾನು ಸಮನಾಗಿ ನಿಲ್ಲುವಂತೆ ಜೋಡಿಸಿರುತ್ತಾರೆ, ಆದರೆ ನಿಮ್ಮ ಕೈಯಲ್ಲಿರುವ ಲೋಟಕ್ಕೆ ಆ ಅನುಕೂಲವಿಲ್ಲ. ಚಹಾ ಸೋಸುವಾಗ ಲೋಟವನ್ನು ಕೈಯಲ್ಲಿ ಹಿಡಿಯದೆ ಸಿಂಕಿನೊಳಗೆ ಒದ್ದೆ ಬಟ್ಟೆಯ ಮೇಲೆ ಇಟ್ಟು, ಅರ್ಧ ಮಾತ್ರ ತುಂಬಿಸಿ, ಚೆಲ್ಲಿದರೂ ಸಿಂಕಿಗೇ ಚೆಲ್ಲುವಂತೆ ನೋಡಿಕೊಳ್ಳಿ. ಸೆಖೆಯಿದ್ದರೂ ಅಡುಗೆ ಮಾಡುವವರು ಉದ್ದನೆಯ ರಬ್ಬರ್ ಏಪ್ರನ್ ಅಥವಾ ಮಳೆಪ್ಯಾಂಟು ಧರಿಸಬೇಕು. ಬರಿಯ ತೊಡೆಯ ಮೇಲೆ ಕುದಿನೀರು ಬಿದ್ದ ನಾವಿಕನಿಂದ ಮುಂದೆ ಪಾಳಿ ಮಾಡಿಸಲು ಆಗುವುದಿಲ್ಲ. ಒಲೆ ಆರಿಸಿದ ಕೂಡಲೇ ಸಿಲಿಂಡರಿನ ಬಳಿಯ ವಾಲ್ವನ್ನೂ ಮುಚ್ಚಿ. ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ, ಮನೆಯಲ್ಲಿ ಕಿಟಕಿಯಿಂದಲೋ ಬಾಗಿಲಿನಿಂದಲೋ ಹೊರಹೋಗಬಹುದಾದ ಸೋರಿಕೆ ಇಲ್ಲಿ ದೋಣಿಯ ತಳದಲ್ಲಿ ಇಳಿದು ಶೇಖರವಾಗುತ್ತದೆ.

ನಮ್ಮ ಕಡೆಯವರಿಗೆ ಇಲ್ಲಿ ಒಂದು ಅನುಕೂಲವಿದೆ, ಅದು ಪ್ರೆಶರ್ ಕುಕ್ಕರ್. ಮುಚ್ಚಳ ಭದ್ರವಾಗಿ ಕೂರುವುದರಿಂದ ಪಾತ್ರೆ ಮಗುಚಿದರೂ ಅನ್ನ ಸಾರು ನೆಲ ಸೇರುವುದಿಲ್ಲ, ಗ್ಯಾಸು ಉಳಿಯುತ್ತದೆ, ಕ್ಯಾಬಿನ್ನಿನಲ್ಲಿ ಹಬೆ ಕಡಿಮೆಯಾಗುತ್ತದೆ. ಬೇಳೆ, ಅಕ್ಕಿ, ಒಂದೆರಡು ತರಕಾರಿ, ಬಿಸಿಬೇಳೆಬಾತಿನ ಪುಡಿ ಹಾಕಿ ಕೂಗಿಸಿದರೆ ಆಳವಾದ ಬಟ್ಟಲಿನಲ್ಲಿ ಚಮಚದಿಂದ ತಿನ್ನಬಹುದಾದ ಒಂದೇ ಪಾತ್ರೆಯ ಊಟ ಸಿದ್ಧ. ಈ ಹೊರಳಾಟದಲ್ಲಿ ತಟ್ಟೆಯ ಊಟ ಸಾಧ್ಯವಿಲ್ಲ. ನಡುರಾತ್ರಿಯ ಪಾಳಿಗೆ ಚಟ್ನಿಪುಡಿ ಕಲಸಿದ ಅವಲಕ್ಕಿ, ಹುರಿದ ಕಡಲೆಬೀಜ, ಬೆಲ್ಲ ಇವು ಚಾಕೊಲೇಟಿಗಿಂತ ಹೆಚ್ಚು ಹೊತ್ತು ಹೊಟ್ಟೆ ಹಿಡಿಯುತ್ತವೆ. ಎರಡನೆಯ ವಾರದಲ್ಲಿ ಹಸಿರು ಎಲೆಗಳೆಲ್ಲ ಮುಗಿದಾಗ, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟ ಹೆಸರುಕಾಳು ಎರಡು ದಿನಕ್ಕೆ ಮೊಳಕೆಯೊಡೆದು ತಾಜಾ ಕೋಸಂಬರಿ ಒದಗಿಸುತ್ತದೆ. ಎಷ್ಟೋ ದೋಣಿಗಳಲ್ಲಿ ಇದಕ್ಕಾಗಿ ವಿಶೇಷ ಪೆಟ್ಟಿಗೆಗಳನ್ನು ಇಟ್ಟುಕೊಂಡಿರುವುದನ್ನು ನೋಡಿದರೆ, ನಮ್ಮ ಅಡುಗೆಮನೆಯ ಈ ರೂಢಿ ಕಡಲಿಗೆ ಎಷ್ಟು ಹೊಂದುತ್ತದೆಂಬುದು ಅರ್ಥವಾಗುತ್ತದೆ.

ಸಾಮಾನು ತುಂಬುವಾಗ ರಟ್ಟಿನ ಪೆಟ್ಟಿಗೆಗಳನ್ನು ಬಂದರಿನ ಕಟ್ಟೆಯಲ್ಲೇ ಬಿಟ್ಟುಬಿಡಿ, ಜಿರಳೆಯ ಮೊಟ್ಟೆಗಳು ಅವುಗಳ ಮಡಿಕೆಗಳಲ್ಲಿ ದೋಣಿಗೆ ಬರುತ್ತವೆ. ಫ್ರಿಜ್ಜಿನಲ್ಲಿಡದ, ತೊಳೆಯದ ಮೊಟ್ಟೆಗಳನ್ನು ಕೊಂಡು ಕೆಲವು ದಿನಗಳಿಗೊಮ್ಮೆ ತಿರುವಿಡುತ್ತಿದ್ದರೆ ಮೂರು ವಾರ ಧಾರಾಳವಾಗಿ ಉಳಿಯುತ್ತವೆ. ಎಲೆಕೋಸು, ಕುಂಬಳ, ಈರುಳ್ಳಿ, ಆಲೂಗೆಡ್ಡೆ, ನಿಂಬೆ ಕೊನೆಯವರೆಗೂ ಬರುತ್ತವೆ. ಈರುಳ್ಳಿ ಆಲೂಗೆಡ್ಡೆಗಳನ್ನು ಒಂದೇ ಬಲೆಚೀಲದಲ್ಲಿ ಇಡಬೇಡಿ. ಹಸಿರು ಬಾಳೆಗೊನೆ ಕಟ್ಟಿಕೊಂಡು ಹೋಗುವುದು ಚಂದವಾದರೂ, ಇಡೀ ಗೊನೆ ಒಟ್ಟಿಗೇ ಹಣ್ಣಾಗುತ್ತದೆಂಬುದು ನೆನಪಿರಲಿ.

ನೀರಿನ ಲೆಕ್ಕ ಸರಳ. ಕುಡಿಯಲು ಮತ್ತು ಅಡುಗೆಗೆ ಒಬ್ಬರಿಗೆ ದಿನಕ್ಕೆ ಮೂರು ಲೀಟರಿನಂತೆ ನಾಲ್ವರಿಗೆ ಮೂರು ವಾರಕ್ಕೆ 252 ಲೀಟರ್ ಬೇಕು, ಅದರ ಮೇಲೆ ಮೂರನೆಯ ಒಂದು ಭಾಗ ಮೀಸಲು. ಸಮುದ್ರದ ನೀರನ್ನು ಸಿಹಿಯಾಗಿಸುವ ಯಂತ್ರವಿದ್ದರೂ ಈ ಲೆಕ್ಕದಲ್ಲಿ ಕಡಿತ ಮಾಡಬೇಡಿ, ಮತ್ತು ಸಾಕಷ್ಟು ಪಾಲನ್ನು ಟ್ಯಾಂಕಿನಿಂದ ಬೇರೆಯಾಗಿ ಬಾಟಲಿಗಳಲ್ಲಿ ಇಡಿ. ಟ್ಯಾಂಕಿಗೆ ಉಪ್ಪುನೀರು ಸೇರಿದರೂ ಜೀವ ಉಳಿಯುತ್ತದೆ. ಪಾತ್ರೆಗಳನ್ನು ಕಡಲ ನೀರಿನಲ್ಲಿ ತೊಳೆದು ಕೊನೆಯಲ್ಲಿ ಸಿಹಿನೀರು ಸೋಕಿಸಿದರೆ ಸಾಕು. ಅನ್ನಕ್ಕೆ ಉಪ್ಪಿನ ಬದಲು ಸ್ವಲ್ಪ ಕಡಲ ನೀರನ್ನೇ ಬೆರೆಸಬಹುದು. ಸ್ನಾನವೂ ಹೀಗೆಯೇ: ಡೆಕ್ಕಿನಲ್ಲಿ ಕುಳಿತು ಬಕೆಟ್ಟಿನಿಂದ ಕಡಲ ನೀರು ಸುರಿದುಕೊಂಡು, ಸಾಮಾನ್ಯ ಸೋಪು ಉಪ್ಪುನೀರಿನಲ್ಲಿ ನೊರೆಯಾಗದ ಕಾರಣ ದ್ರವರೂಪದ ಶಾಂಪೂ ಬಳಸಿ, ಕೊನೆಗೆ ಒಂದು ಲೀಟರ್ ಸಿಹಿನೀರಿನಿಂದ ಉಪ್ಪು ಕಳೆಯಬೇಕು. ಈ ಕೊನೆಯ ಲೀಟರನ್ನು ಉಳಿಸಲು ಹೋಗಬೇಡಿ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ ಉಪ್ಪು ಕೂತ ಮೈಯೂ ಬಟ್ಟೆಯೂ ಎಂದಿಗೂ ಪೂರ್ತಿ ಒಣಗುವುದಿಲ್ಲ, ಮತ್ತು ಕುಳಿತ ಜಾಗದಲ್ಲಿ ಹುಣ್ಣುಗಳಾದವರಿಗೆ ಪಾಳಿಯ ಮೂರು ಗಂಟೆ ಯಾತನೆಯಾಗುತ್ತದೆ.

ಬೆಳಗಿನ ಪಾಳಿಯವರಿಗೆ ದೋಣಿಯ ತಪಾಸಣೆಯ ಹೊಣೆ ಇರಲಿ. ಮೊದಲು ಡೆಕ್ಕಿನ ಮೇಲೆ ರಾತ್ರಿ ಹಾರಿಬಂದು ಬಿದ್ದ ಹಾರುಮೀನುಗಳನ್ನು ತೆಗೆದು, ನಂತರ ಡೆಕ್ಕಿನ ಉದ್ದಕ್ಕೂ ಬಿಗಿದಿರುವ ಸುರಕ್ಷತಾ ಪಟ್ಟಿಯಾದ ಜ್ಯಾಕ್‌ಲೈನಿಗೆ ಕೊಕ್ಕೆ ಹಾಕಿಕೊಂಡು ಮುಂದಿನ ತುದಿಯವರೆಗೆ ಹೋಗಿ ಬರಬೇಕು. ಕಣ್ಣಿನ ಜೊತೆ ಬೆರಳನ್ನೂ ಬಳಸಿ. ಮುಂದಿನ ಹಾಯಿಯನ್ನು ಹೊರಚಾಚಿ ಹಿಡಿಯುವ ಕೋಲಿನ ತುದಿಯಲ್ಲಿ ಹಗ್ಗ ಹಾದುಹೋಗುವೆಡೆಯನ್ನು ಸವರಿದಾಗ, ಮೊದಲು ಹೊದಿಕೆಯ ಎಳೆಗಳು ಮೃದುವಾದ ರೋಮದಂತೆ ಎದ್ದಿರುತ್ತವೆ. ಆಮೇಲೆ ಹೊದಿಕೆ ಬಿರಿದು ಒಳಗಿನ ಬಿಳಿ ತಿರುಳು ಕಾಣುತ್ತದೆ. ಅಲ್ಲಿಂದ ತುಂಡಾಗಲು ಒಂದು ರಾತ್ರಿ ಸಾಕು. ಹಾಯಿ ಎತ್ತುವ ಹಗ್ಗ ಕೂವೆಮರದ ತುದಿಯ ರಾಟೆಯ ಮೇಲೆ ವಾರಗಟ್ಟಲೆ ಒಂದೇ ಜಾಗದಲ್ಲಿ ಉಜ್ಜುತ್ತಿರುತ್ತದೆ, ಅದು ಕೆಳಗಿನಿಂದ ಕಾಣುವುದಿಲ್ಲ. ಅದಕ್ಕೆ ಪರಿಹಾರವೆಂದರೆ ದಿನಕ್ಕೊಮ್ಮೆ ನಾಲ್ಕು ಬೆರಳಿನಷ್ಟು ಸಡಿಲಿಸಿಯೋ ಬಿಗಿದೋ ಉಜ್ಜುವ ಜಾಗವನ್ನು ಬದಲಿಸುವುದು. ಹಿಂದಿನ ಗಾಳಿಯಲ್ಲಿ ದೊಡ್ಡ ಹಾಯಿಯ ಕೆಳಗಿನ ಅಡ್ಡಕೋಲು, ಅಂದರೆ ಬೂಮ್, ಹಠಾತ್ತನೆ ಆಚೆಬದಿಗೆ ಬೀಸಿಬರದಂತೆ ಮುಂದಕ್ಕೆ ಎಳೆದು ಕಟ್ಟಿರುವ ಪ್ರಿವೆಂಟರ್ ಹಗ್ಗವನ್ನೂ ಹೀಗೆಯೇ ಪರೀಕ್ಷಿಸಬೇಕು, ಅದು ತುಂಡಾದರೆ ಪೆಟ್ಟು ಬೀಳುವುದು ಮನುಷ್ಯನ ತಲೆಗೆ. ಡೆಕ್ಕಿನ ಮೇಲೆ ಎಲ್ಲಿಂದಲೋ ಬಿದ್ದ ಒಂದು ಸಣ್ಣ ಪಿನ್ನು ಸಿಕ್ಕರೆ ಅದು ಎಲ್ಲಿಯದೆಂದು ಗೊತ್ತಾಗುವವರೆಗೆ ಬೇರೆ ಕೆಲಸ ಹಿಡಿಯಬೇಡಿ.

ವಿದ್ಯುತ್ತಿನ ಲೆಕ್ಕವನ್ನೂ ಬೆಳಿಗ್ಗೆಯೇ ನೋಡಿಕೊಳ್ಳಿ. ಸ್ವಯಂಚಾಲಿತ ಚುಕ್ಕಾಣಿ ಮತ್ತು ಫ್ರಿಜ್ಜು ಹೆಚ್ಚಿನ ಪಾಲನ್ನು ನುಂಗುತ್ತವೆ. ದೋಣಿ ಪಶ್ಚಿಮಕ್ಕೆ ಸಾಗುವುದರಿಂದ ಹಿಂಭಾಗದ ಸೌರಫಲಕಗಳಿಗೆ ಬೆಳಗಿನ ಬಿಸಿಲು ನೇರವಾಗಿ ಬೀಳುತ್ತದೆ, ಮಧ್ಯಾಹ್ನದ ಮೇಲೆ ಹಾಯಿಯ ನೆರಳು ಅವುಗಳನ್ನು ಮುಚ್ಚುತ್ತದೆ. ಲ್ಯಾಪ್‌ಟಾಪ್ ಚಾರ್ಜು, ನೀರಿನ ಯಂತ್ರ ಇಂಥವನ್ನು ಮಧ್ಯಾಹ್ನದೊಳಗೆ ಮುಗಿಸಿ. ನೀರಿನಲ್ಲಿ ತಿರುಗುವ ಜನರೇಟರ್ ಇದ್ದರೆ, ಸಾರ್ಗಸಮ್ ಎಂಬ ಕಂದು ಕಡಲಕಳೆ ಅದಕ್ಕೆ ಸುತ್ತಿಕೊಂಡು ಪದೇ ಪದೇ ಎತ್ತಿ ಬಿಡಿಸಬೇಕಾಗಬಹುದು. ಗಾಳಿಯ ಬಲದಿಂದಲೇ ನಡೆಯುವ ಚುಕ್ಕಾಣಿ ಯಂತ್ರ ವಿದ್ಯುತ್ತನ್ನೇ ಕೇಳುವುದಿಲ್ಲವಾದ್ದರಿಂದ, ಇಬ್ಬರೇ ಇರುವ ದೋಣಿಗೆ ಅದಕ್ಕಿಂತ ಒಳ್ಳೆಯ ಮೂರನೆಯ ನಾವಿಕ ಸಿಗುವುದಿಲ್ಲ.

ಸಂಜೆ ಕತ್ತಲಾಗುವ ಮೊದಲು, ಎಲ್ಲರೂ ಎಚ್ಚರವಾಗಿರುವಾಗಲೇ, ಹಾಯಿಯನ್ನು ಒಂದು ಹಂತ ಕುಗ್ಗಿಸಿ. ವೇಗ ಅರ್ಧ ನಾಟ್ ಕಡಿಮೆಯಾದೀತು, ಆದರೆ ನಡುರಾತ್ರಿ ಸ್ಕ್ವಾಲ್ ಬಂದಾಗ ಎಲ್ಲರನ್ನೂ ಎಬ್ಬಿಸಬೇಕಾದ ಪ್ರಸಂಗ ತಪ್ಪುತ್ತದೆ. ಈ ದಾರಿಯ ಸ್ಕ್ವಾಲ್ ಎಂದರೆ ಹಿಂದಿನಿಂದ ಬರುವ ಒಂದು ಕಪ್ಪು ಮೋಡ, ಅದರ ಮುಂದೆ ಕೆಲವೇ ನಿಮಿಷಗಳಲ್ಲಿ ಮೂವತ್ತು ನಾಟಿಗೂ ಏರಬಲ್ಲ ಗಾಳಿ, ಹಿಂದೆಯೇ ಜಡಿಮಳೆ. ಬಹುಮಟ್ಟಿಗೆ ಅರ್ಧ ಗಂಟೆಯೊಳಗೆ ಹಾದುಹೋಗುತ್ತದೆ. ಚಂದ್ರನಿಲ್ಲದ ರಾತ್ರಿ, ನಕ್ಷತ್ರಗಳು ಒಂದು ಕಡೆ ಮಾತ್ರ ಅಳಿಸಿಹೋಗಿರುವುದೇ ಅದರ ಗುರುತು, ರಾಡಾರಿನಲ್ಲಿ ಇನ್ನೂ ಮೊದಲೇ ಕಾಣುತ್ತದೆ.

ದಿನಕ್ಕೊಂದು ಊಟವನ್ನಾದರೂ, ಸಂಜೆಯದು ಉತ್ತಮ, ಎಲ್ಲರೂ ಒಟ್ಟಿಗೆ ಕುಳಿತು ಮಾಡಬೇಕು. ಪಾಳಿಯ ಬದುಕಿನಲ್ಲಿ ಇಬ್ಬರು ದಿನಗಟ್ಟಲೆ ಮುಖಾಮುಖಿ ಮಾತಾಡದೆ ಇರಬಹುದು, ಅಸಮಾಧಾನ ಬೆಳೆಯುವುದು ಅಂಥ ಮೌನದಲ್ಲಿಯೇ. ಕ್ಯಾಪ್ಟನ್ ಆದವರು ಆ ಹೊತ್ತಿಗೆ ಉಪಗ್ರಹದ ಮೂಲಕ ಬಂದ ಹವಾಮಾನದ ವರದಿ, ಸಾಗಿದ ದೂರ, ಉಳಿದ ನೀರು ಇವನ್ನು ಎಲ್ಲರ ಮುಂದೆ ಹೇಳಬೇಕು. ಗಡಿಯಾರದ ವಿಚಾರವನ್ನೂ ಆಗಲೇ ತೀರ್ಮಾನಿಸಿ: ರೇಖಾಂಶ 15 ಡಿಗ್ರಿ ದಾಟಿದಾಗಲೆಲ್ಲ ಸೂರ್ಯ ಒಂದು ಗಂಟೆ ತಡವಾಗುತ್ತಾನೆ, ಕ್ಯಾನರಿಗೂ ಸೇಂಟ್ ಲೂಸಿಯಾಕ್ಕೂ ಚಳಿಗಾಲದಲ್ಲಿ ನಾಲ್ಕು ಗಂಟೆಯ ಅಂತರವಿದೆ. ಲಾಗನ್ನು ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲೇ ಬರೆದು, ಊಟ ಮತ್ತು ಪಾಳಿಯ ಗಡಿಯಾರವನ್ನು ಮಾತ್ರ ಆಗಾಗ ಒಂದು ಗಂಟೆ ಹಿಂದಿಟ್ಟರೆ ಗೊಂದಲವಾಗುವುದಿಲ್ಲ; ಆ ಹೆಚ್ಚುವರಿ ಗಂಟೆಯನ್ನು ಹಗಲಿನ ಪಾಳಿಗಳಿಗೆ ಹಂಚಿ.

ಊರಿನಲ್ಲಿರುವ ತಂದೆತಾಯಿಯರಿಗೆ ಹೊರಡುವ ಮೊದಲೇ ಒಂದು ಮಾತು ಸ್ಪಷ್ಟವಾಗಿ ಹೇಳಿರಬೇಕು: ಇಂಟರ್ನೆಟ್ ನಕ್ಷೆಯಲ್ಲಿ ದೋಣಿಯ ಸ್ಥಾನ ತೋರಿಸುವ ಚುಕ್ಕೆ ನಿಂತುಹೋದರೆ ಅಥವಾ ಎರಡು ದಿನ ಸಂದೇಶ ಬಾರದಿದ್ದರೆ ಹೆಚ್ಚಾಗಿ ಕೆಟ್ಟಿರುವುದು ಸಾಧನವೇ. ನಿಜವಾದ ಅಪಾಯದಲ್ಲಿ ಬಳಸುವುದು 406 ಮೆಗಾಹರ್ಟ್ಸ್‌ನ ಇಪಿಐಆರ್‌ಬಿ ಸಾಧನವನ್ನು, ಅದರ ಕರೆ ಉಪಗ್ರಹದ ಮೂಲಕ ರಕ್ಷಣಾ ಕೇಂದ್ರಕ್ಕೆ ಹೋಗುತ್ತದೆ ಮತ್ತು ಕೇಂದ್ರದವರು ಅದರ ನೋಂದಣಿಯಲ್ಲಿ ಬರೆಸಿದ ದೂರವಾಣಿ ಸಂಖ್ಯೆಗೆ ಕರೆ ಮಾಡುತ್ತಾರೆ. ಆ ಸಂಖ್ಯೆ ಇಂಗ್ಲಿಷಿನಲ್ಲಿ ನಿಧಾನವಾಗಿ ಮಾತನಾಡಬಲ್ಲ, ನಿಮ್ಮ ಯಾನದ ವಿವರ ಬಲ್ಲ ಅಣ್ಣನದೋ ಅಕ್ಕನದೋ ಆಗಿರಲಿ.

ಕಸದ ವಿಷಯದಲ್ಲಿ ನಿಯಮ ಕಟ್ಟುನಿಟ್ಟು: ಪ್ಲಾಸ್ಟಿಕ್ಕನ್ನು ಯಾವ ಸಮುದ್ರದಲ್ಲೂ ಯಾವ ದೂರದಲ್ಲೂ ಎಸೆಯುವಂತಿಲ್ಲ. ಎಲ್ಲವನ್ನೂ ತೊಳೆದು, ಕತ್ತರಿಸಿ, ಚೀಲದಲ್ಲಿ ತುಂಬಿ ದಡಕ್ಕೆ ಒಯ್ಯಬೇಕು. ತೊಳೆಯದಿದ್ದರೆ ಎರಡನೆಯ ವಾರದ ಸೆಖೆಯಲ್ಲಿ ಅದರ ವಾಸನೆ ಇಡೀ ದೋಣಿಯನ್ನು ತುಂಬುತ್ತದೆ.

ಕೊನೆಯ ಎರಡು ದಿನ ವೇಗದ ಲೆಕ್ಕ ಹಾಕಿ, ದಡಕ್ಕೆ ಹಗಲಿನಲ್ಲಿ ತಲುಪುವಂತೆ ನೋಡಿಕೊಳ್ಳಿ. ಅಗತ್ಯವಾದರೆ ಹಾಯಿ ಇಳಿಸಿ ನಿಧಾನಿಸಿ. ಮೂರು ವಾರದ ಆಯಾಸ ಹೊತ್ತು, ಪರಿಚಯವಿಲ್ಲದ ಬಂದರಿಗೆ ಕತ್ತಲಲ್ಲಿ ಹೋಗುವುದು ಇಡೀ ಯಾನದಲ್ಲೇ ಕೆಟ್ಟ ನಿರ್ಧಾರವಾದೀತು. ಸೇಂಟ್ ಲೂಸಿಯಾದ ಉತ್ತರ ತುದಿಯನ್ನು ಬಳಸಿ ಪಿಜನ್ ಐಲೆಂಡ್ ದಾಟಿ ರಾಡ್ನಿ ಬೇ ಬಂದರಿನ ಕಡೆಗೆ ತಿರುಗಿದಾಗ, ಅಷ್ಟು ದಿನ ಬೆನ್ನಿಗಿದ್ದ ಗಾಳಿ ಒಮ್ಮೆಲೇ ಎದುರಾಗುತ್ತದೆ. ಆದ್ದರಿಂದ ಹೊರಚಾಚಿದ ಕೋಲನ್ನು ಮೊದಲೇ ಇಳಿಸಿ, ಎಂಜಿನ್ನನ್ನು ಒಂದು ಗಂಟೆ ಮುಂಚೆ ಚಾಲೂ ಮಾಡಿ ನೋಡಿ, ಕಟ್ಟುವ ಹಗ್ಗಗಳನ್ನೂ, ದೋಣಿ ಕಟ್ಟೆಗೆ ಉಜ್ಜದಂತೆ ಕಾಯುವ ಫೆಂಡರುಗಳನ್ನೂ ಹೊರತೆಗೆದಿಡಿ. ತಪಾಸಣೆ ಇನ್ನೂ ಆಗಿಲ್ಲವೆಂದು ಸೂಚಿಸುವ ಹಳದಿ ಬಾವುಟ ಏರಿಸಿ. ಕಸ್ಟಮ್ಸ್ ಮತ್ತು ವಲಸೆ ಕಚೇರಿಯ ಕೆಲಸ ಮುಗಿಯುವವರೆಗೆ ಕಾಗದಪತ್ರ ಹಿಡಿದ ಕ್ಯಾಪ್ಟನ್ ಒಬ್ಬರ ಹೊರತು ಬೇರೆ ಯಾರೂ ದಡಕ್ಕೆ ಇಳಿಯುವಂತಿಲ್ಲ. ಆ ಬಿಡುವಿನಲ್ಲಿ ಉಳಿದವರು ಸವೆದ ಹಗ್ಗಗಳು, ಸೋರಿದ ಕಿಟಕಿಗಳು, ಸಡಿಲವಾದ ಬೋಲ್ಟುಗಳ ಪಟ್ಟಿಯನ್ನು ಲಾಗಿನ ಹಿಂದಿನ ಪುಟದಲ್ಲಿ ಬರೆದುಬಿಡಬೇಕು, ಏಕೆಂದರೆ ದಡಕ್ಕಿಳಿದು ಒಂದು ರಾತ್ರಿ ಪೂರ್ತಿ ಮಲಗಿ ಎದ್ದ ಮೇಲೆ ಅರ್ಧಕ್ಕರ್ಧ ಮರೆತಿರುತ್ತದೆ.